ಯಾರದೂ ಅಲ್ಲದ ಎಣ್ಣೆ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ ನನ್ನ ಗಂಡನ ಊರಿನ ಹತ್ತಿರ ಒಂದು ಹಳ್ಳವನ್ನು ದಾಟುತ್ತದೆ. ಸೇತುವೆಗೆ ಮುಂಚೆ ರಸ್ತೆ ಎಡಕ್ಕೆ ಹೊರಳುತ್ತದೆ. ಎಪ್ಪತ್ತರ ದಶಕದ ನಡುವೆ, ನಾನು ಮದುವೆಯಾಗಿ ಬಂದ ಮರುವರ್ಷ, ದೀಪಾವಳಿ ಕಳೆದ ಮೇಲೆ ಆ ತಿರುವಿನಲ್ಲಿ ಒಂದು ಟ್ಯಾಂಕರ್ ಉರುಳಿತು. ಅದು ತಾನಾಗಿ ಉರುಳಿತೋ, ಯಾರಾದರೂ ಉರುಳಿಸಿದರೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮದು ಕುರಿ ಸಾಕುವ ಮನೆತನ. ಸ್ವಲ್ಪ ಹೊಲವೂ ಇತ್ತು. ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಮನೆಯವರು ಕುರಿಮಂದೆ ಹೊಡೆದುಕೊಂಡು ಹೊಸದುರ್ಗದ ಕಡೆಗೆ ಮೇವು ಹುಡುಕುತ್ತಾ ಹೋದರೆ ತಿರುಗಿ ಬರುವುದು ಮುಂಗಾರು ಹತ್ತಿದ ಮೇಲೆ. ಮನೆಯಲ್ಲಿ ಮಾವ, ಅತ್ತೆ, ನಾನು ಮತ್ತು ಆಗಷ್ಟೇ ಮರಿ ಹಾಕಿದ್ದ ಕೆಲವು ಕುರಿಗಳು ಉಳಿದಿದ್ದೆವು. ನಮ್ಮ ಗೋಡೆಗೆ ಗೋಡೆ ಅಂಟಿಕೊಂಡೇ ಮಾವನ ತಮ್ಮನ ಮನೆ. ಅವರನ್ನು ನಾನು ಸಣ್ಣಮಾವ ಅನ್ನುತ್ತಿದ್ದೆ.

ಅವತ್ತು ಬೆಳಗ್ಗೆ ಅತ್ತೆ ಮತ್ತು ನಾನು ಕಟ್ಟೆಗೆ ನೀರಿಗೆ ಹೊರಟಿದ್ದೆವು. ಹಳ್ಳಕ್ಕೆ ಅಡ್ಡ ಕಟ್ಟಿದ್ದ ಆ ಸಣ್ಣ ಕಟ್ಟೆಯೇ ಊರಿನ ದನಕರುಗಳಿಗೆ, ಬಟ್ಟೆಗೆ, ಬೇಸಿಗೆಯಲ್ಲಿ ಕುಡಿಯುವುದಕ್ಕೂ ಆಸರೆ. ಸೇತುವೆಯ ಹತ್ತಿರ ಜನ ಸೇರಿದ್ದರು. ಟ್ಯಾಂಕರ್ ಪಕ್ಕಕ್ಕೆ ಮಲಗಿ, ಅದರ ಬಾಯಿಯಿಂದ ಕಪ್ಪನೆಯ ಎಣ್ಣೆ ಸುರಿಯುತ್ತಿತ್ತು. ಸುರಿಯುತ್ತಿತ್ತು ಅನ್ನುವುದಕ್ಕಿಂತ ಇಳಿಯುತ್ತಿತ್ತು ಅನ್ನಬೇಕು. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಬಂದ ಬೆಲ್ಲದಷ್ಟು ಮಂದ. ಚಳಿಗೆ ಇನ್ನೂ ಗಟ್ಟಿಯಾಗಿ, ಇಳಿಜಾರಿನಲ್ಲಿ ಆತುರವಿಲ್ಲದೆ ಹಳ್ಳದ ಕಡೆಗೆ ಹೋಗುತ್ತಿತ್ತು. ಸೀಮೆಎಣ್ಣೆಯ ವಾಸನೆಗೆ ಡಾಂಬರಿನ ವಾಸನೆ ಸೇರಿಸಿದರೆ ಹೇಗೋ ಹಾಗೆ ಮೂಗಿಗೆ ಬಡಿಯುತ್ತಿತ್ತು.

ಡ್ರೈವರ್ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಾ ಕುಳಿತಿದ್ದ. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ದಾವಣಗೆರೆ ಕಡೆಯ ಯಾವುದೋ ಮಿಲ್ಲಿನ ಬಾಯ್ಲರಿಗೆ ಹೋಗುವ ಎಣ್ಣೆ, ಫರ್ನೇಸ್ ಎಣ್ಣೆ ಅನ್ನುತ್ತಾರೆ, ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಊರಿನವರು ಅವನಿಗೆ ನೀರು ಕೊಟ್ಟು ಉಪಚಾರ ಮಾಡುತ್ತಿದ್ದರು. ಅತ್ತೆ ಮಾತ್ರ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು.

"ಅವ್ನ ಹಾಸಿಗೆ ನೋಡೇ."

ನೋಡಿದೆ. ಮರದ ಬುಡದಲ್ಲಿ ಹಗ್ಗ ಬಿಗಿದ ಹಾಸಿಗೆ ಸುರುಳಿ, ಅದರ ಪಕ್ಕ ತಗಡಿನ ಟ್ರಂಕು, ಅದರ ಮೇಲೆ ಪಂಪ್ ಸ್ಟವ್ವು. ಯಾವುದಕ್ಕೂ ಒಂದು ತೊಟ್ಟು ಎಣ್ಣೆ ಹತ್ತಿರಲಿಲ್ಲ.

"ಗಾಡಿ ಹಾಸಿಗೆ ಟ್ರಂಕು ಎಲ್ಲ ಇಳಿಸಿ, ಆಮ್ಯಾಲೆ ಬಿದ್ದೈತೆ. ಭಾರೀ ಮರ್ಯಾದಸ್ತ ಗಾಡಿ" ಎಂದರು ಅತ್ತೆ.

ಅದು ಎಣ್ಣೆಗೆ ಬರ ಬಂದ ಕಾಲ. ಸೀಮೆಎಣ್ಣೆಗೆ ನ್ಯಾಯಬೆಲೆ ಅಂಗಡಿಯ ಮುಂದೆ ಡಬ್ಬಿಗಳನ್ನು ಸಾಲಾಗಿ ಇಟ್ಟು ಜನ ಕಾಯುತ್ತಿದ್ದರು. ಹಾಗಿರುವಾಗ ಹಳ್ಳದ ಪಾಲಾಗುತ್ತಿದ್ದ ಎಣ್ಣೆಯನ್ನು ನೋಡಿಕೊಂಡು ಸುಮ್ಮನಿರುವುದು ಯಾರಿಗೂ ಆಗಲಿಲ್ಲ. ಸಣ್ಣಮಾವನೇ ಮೊದಲು ಕೇಳಿದರು.

"ಏನಪ್ಪ, ಇದ್ನ ತಗಂಡ್ರೆ ಏನೂ ತೊಂದ್ರೆ ಇಲ್ವಾ?"

"ಮಣ್ಣಿಗೆ ಬಿದ್ದ ಎಣ್ಣೆನ ಯಾವ ಬಾಯ್ಲರಿಗೆ ಹಾಕ್ತಾರೆ? ತಗಳ್ರಿ, ತಗಳ್ರಿ" ಎಂದ ಡ್ರೈವರ್.

ನಾನು ಆ ಮಾತನ್ನು ಕಿವಿಯಾರೆ ಕೇಳಿದ್ದೇನೆ. ಅಷ್ಟು ಹೇಳಿದ್ದೇ ತಡ, ಊರು ಕೊಡ, ಡಬ್ಬಿ, ಬಾನಿ ತಂದಿತು. ದೀಪಕ್ಕೆ ಉರಿಯುವ ಎಣ್ಣೆಯಲ್ಲ ಅದು. ಆದರೆ ಗಾಡಿಯ ಅಚ್ಚಿಗೆ ಹಾಕಬಹುದು, ಗೂಟಗಳಿಗೆ ಬಳಿದರೆ ಗೆದ್ದಲು ಹತ್ತುವುದಿಲ್ಲ. ಮಾವ ಕುರಿದೊಡ್ಡಿಯ ಗೂಟಗಳಿಗೆ ಆಗುತ್ತದೆಂದು ಒಂದು ಡಬ್ಬಿ ತುಂಬಿಕೊಂಡು ಬಂದರು. ಕಾಲೆಲ್ಲ ಕಪ್ಪಾಗಿ, ಎಷ್ಟು ಉಜ್ಜಿದರೂ ಹೋಗಲಿಲ್ಲ. ಎಲ್ಲರ ಕಾಲೂ ಹಾಗೇ ಆಗಿತ್ತು, ಓಣಿಯಲ್ಲಿ ನಗುವೋ ನಗು.

ಮರುದಿನ ಒಂದು ಜೀಪು ಬಂತು. ಅದರಲ್ಲಿ ಸಾಗಣೆ ಕಂಪನಿಯ ಮ್ಯಾನೇಜರ್ ಇದ್ದರು. ಸಫಾರಿ ಬಟ್ಟೆ, ಕಪ್ಪು ಕನ್ನಡಕ, ಮೆತ್ತನೆಯ ಮಾತು. ಟ್ಯಾಂಕರಿನ ಸುತ್ತ ತಿರುಗಿ, ಓಣಿಯೊಳಗೆ ಒಂದು ಸುತ್ತು ಹಾಕಿ, ನಮ್ಮ ಜಗಲಿಯ ಮುಂದೆ ನಿಂತು ನೀರು ಕೇಳಿದರು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ನೀರು ಕೊಟ್ಟೆ.

"ಓದಿದ್ದೀಯೇನಮ್ಮ?"

"ಎಸ್ಸೆಸ್ಸೆಲ್ಸಿ ಆಗಿದೆ ಸಾರ್."

"ಒಳ್ಳೇದು. ನಮ್ಮ ಎಣ್ಣೆ ತುಂಬಿಕೊಂಡವರು ಬಹಳ ಜನರೇನು?"

'ನಮ್ಮ ಎಣ್ಣೆ' ಎಂಬ ಮಾತು ಕೇಳಿದ ಕೂಡಲೇ ನನಗೆ ಎಚ್ಚರವಾಯಿತು. ಗೊತ್ತಿಲ್ಲ ಸಾರ್ ಎಂದೆ. ಅವರು ಲೋಟ ಕೊಟ್ಟು, ನಕ್ಕು ಹೋದರು. ಇಷ್ಟೇ ನಡೆದದ್ದು. ಆದರೆ ಎದುರು ಮನೆಯ ಕಿಟಕಿಯಿಂದ ನೋಡಿದವರಿಗೆ ಕೇಳಿಸಿದ್ದು ಏನೂ ಇಲ್ಲ. ಕಂಡದ್ದು ನಾನು ಕಂಪನಿಯವನ ಜೊತೆ ನಿಂತು ಮಾತಾಡಿದ್ದು ಮಾತ್ರ.

ಸಂಜೆ ಪೊಲೀಸರು ಬಂದರು. ಯಾರನ್ನೂ ಏನೂ ಕೇಳಲಿಲ್ಲ. ನೇರವಾಗಿ ಐದು ಮನೆಗಳಿಗೆ ಹೋಗಿ, ಡಬ್ಬಿಗಳನ್ನು ಹೊರಗೆ ತಂದಿಟ್ಟು, ಐದು ಜನ ಗಂಡಸರನ್ನು ವ್ಯಾನಿಗೆ ಹತ್ತಿಸಿದರು. ಅವರಲ್ಲಿ ನನ್ನ ಮಾವನೂ ಒಬ್ಬರು. ಅಪಘಾತವಾದ ಗಾಡಿಯಿಂದ ಟ್ಯಾಂಕರ್ ಪೂರ್ತಿ ಎಣ್ಣೆಯನ್ನು ಊರಿನವರು ಕದ್ದರು ಎಂದು ದೂರು ದಾಖಲಾಗಿತ್ತು. ಟ್ಯಾಂಕರ್ ಪೂರ್ತಿ! ಹಳ್ಳಕ್ಕೆ ಹೋದದ್ದು, ನಾವು ತುಂಬಿಕೊಂಡದ್ದು ಎರಡೂ ಸೇರಿದರೂ ಅಂಥ ಗಾಡಿಯ ಅರ್ಧ ಹೊಟ್ಟೆ ತುಂಬುತ್ತಿರಲಿಲ್ಲ. ಉಳಿದದ್ದು ಎಲ್ಲಿಗೆ ಹೋಯಿತು? ದಾರಿಯಲ್ಲಿ ಎಲ್ಲೋ ಮಾರಿ, ಲೆಕ್ಕ ಮುಚ್ಚಲು ಗಾಡಿ ಉರುಳಿಸಿ, ಕಳವನ್ನು ನಮ್ಮ ತಲೆಗೆ ಕಟ್ಟಿದ್ದಾರೆ ಎಂದು ಊರು ಮಾತಾಡಿಕೊಂಡಿತು. ಆದರೆ ಅದಕ್ಕಿಂತ ಹೆಚ್ಚಾಗಿ ಮಾತಾಡಿಕೊಂಡದ್ದು ಬೇರೆ ವಿಷಯ. ಊರೆಲ್ಲ ತುಂಬಿಕೊಂಡಿರುವಾಗ ಈ ಐದೇ ಮನೆಗಳ ಗುರುತನ್ನು ಪೊಲೀಸರಿಗೆ ಕೊಟ್ಟವರು ಯಾರು?

ಜಾಮೀನಿನ ಮೇಲೆ ಬಿಡುಗಡೆಯಾಗಿ ಬಂದ ಮಾವ ಕಾಲು ತೊಳೆಯುವ ಮುಂಚೆಯೇ ಕೇಳಿದ್ದು ಅದನ್ನೇ. ಅವರ ಅನುಮಾನ ತಮ್ಮನ ಮೇಲೆ. ಎಲ್ಲರಿಗಿಂತ ಹೆಚ್ಚು ತುಂಬಿಕೊಂಡದ್ದು ಸಣ್ಣಮಾವ. ಪೊಲೀಸರು ಮುಟ್ಟದೇ ಬಿಟ್ಟದ್ದು ಅವರ ಮನೆಯನ್ನೇ. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಗೋಡೆಯ ಆಚೆಯಿಂದ ಸಣ್ಣಮಾವನ ಹೆಂಡತಿ, ನಮ್ಮ ಸಣ್ಣತ್ತೆ, ನಮಗೆ ಕೇಳುವ ಹಾಗೆ ಅನ್ನುತ್ತಿದ್ದರು:

"ಓದಿದ ಸೊಸೇನ ಮನೇಲಿ ಇಟ್ಕಂಡು ನಮ್ಮ ಮ್ಯಾಲೆ ಹೇಳ್ತಾರೆ. ಕಂಪನಿಯೋನಿಗೆ ನೀರು ಕೊಟ್ಟೋರು ಯಾರು, ನಾವಾ?"

ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿ ಹಗುರಾಗುತ್ತಿದ್ದೆ. ಅದರ ಬದಲು ನಾನು ಒಳಗೆ ಬಂದರೆ ಅತ್ತೆ ಮಾವನ ಜೊತೆಗಿನ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ನಾನು ನೀರಿಗೆ ಹೊರಟರೆ ಏನಾದರೂ ನೆಪ ಮಾಡಿಕೊಂಡು ಹಿಂದೆಯೇ ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನ್ನ ಓದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದ ಹೆಂಗಸು, ಈಗ ಅದೇ ಓದಿನಲ್ಲಿ ಏನೋ ವಿಷ ಇರಬಹುದು ಎನ್ನುವ ಹಾಗೆ ನನ್ನನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಕಟ್ಟೆ ಕೆಟ್ಟುಹೋಯಿತು. ಎಣ್ಣೆ ನೀರಿನ ಮೇಲೆ ಕೆನೆಗಟ್ಟಿದ ಹಾಗೆ ಹರಡಿ, ದಡಕ್ಕೆ ಬಂದು ಜೊಂಡಿಗೆ ಮೆತ್ತಿಕೊಂಡಿತು. ದನಗಳು ಮೂಸಿ ಹಿಂದೆ ಸರಿದವು. ನಮ್ಮ ಒಂದು ಕುರಿಮರಿ ದಡದ ಕೆಸರಿಗೆ ಜಾರಿ ಮೈಯೆಲ್ಲ ಮೆತ್ತಿಸಿಕೊಂಡು ಬಂತು. ಅದು ಹಾಲಿಗೆ ಹೋದರೆ ತಾಯಿ ಮೂಸಿ ನೋಡಿ, ಕಾಲು ಕೆದರಿ, ಗುಮ್ಮಿ ದೂಡಿತು. ವಾಸನೆ ಬದಲಾಗಿದ್ದರಿಂದ ಅದಕ್ಕೆ ತನ್ನ ಮರಿಯ ಗುರುತೇ ಹತ್ತಲಿಲ್ಲ. ನಾನು ಮರಿಗೆ ಶೇಂಗಾ ಎಣ್ಣೆ ಹಚ್ಚಿ, ಅಂಟುವಾಳದ ನೊರೆಯಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಕಪ್ಪು ಸ್ವಲ್ಪ ಹೋಯಿತು, ವಾಸನೆ ಹೋಗಲಿಲ್ಲ. ಮತ್ತೆ ಬಿಟ್ಟರೆ ಮತ್ತೆ ಗುಮ್ಮಿತು. ಕೊನೆಗೆ ಅತ್ತೆ ತಾಯಿಯ ಕತ್ತು ಹಿಡಿದುಕೊಂಡರು, ನಾನು ಮರಿಯನ್ನು ಕೆಚ್ಚಲಿಗೆ ಬಿಟ್ಟೆ. ಆ ದಿನಗಳಲ್ಲಿ ನಾವಿಬ್ಬರೂ ಸೇರಿ ಮಾಡುತ್ತಿದ್ದ ಕೆಲಸ ಅದೊಂದೇ.

ಟ್ಯಾಂಕರನ್ನು ಎತ್ತಿಸಲು ಮ್ಯಾನೇಜರ್ ಮತ್ತೆ ಬಂದಾಗ ಊರಿನ ಗೌಡರು ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಅವರನ್ನು ಕಟ್ಟೆಯ ಏರಿಯ ಮೇಲೆ ನಿಲ್ಲಿಸಿದರು. ನಾನು ಏರಿಯ ಕೆಳಗೆ ಮರಳು ಕೆದಕಿ, ಒರತೆಯಿಂದ ಕೊಡಕ್ಕೆ ನೀರು ತುಂಬುತ್ತಿದ್ದೆ.

"ಸಾಮಿ, ನಿಮ್ ಎಣ್ಣೆಯಿಂದ ನಮ್ ನೀರು ಹಾಳಾಗೈತೆ. ನಿಮ್ ಎಣ್ಣೆನ ನೀವೇ ತೆಗೆಸ್ರಿ" ಎಂದರು ಗೌಡರು.

"ನಮ್ಮ ಎಣ್ಣೆ ಟ್ಯಾಂಕರಿನೊಳಗೆ ಇದ್ದಾಗ ನಮ್ಮದು. ಹೊರಗೆ ಚೆಲ್ಲಿ ಮಣ್ಣು ನೀರು ಸೇರಿದ ಮೇಲೆ ಅದು ಎಣ್ಣೆಯಲ್ಲ ಗೌಡರೇ, ಕಸ. ಕಸಕ್ಕೆ ಮಾಲೀಕ ಅಂತ ಯಾರೂ ಇರೋದಿಲ್ಲ" ಎಂದರು ಮ್ಯಾನೇಜರ್, ಅದೇ ಮೆತ್ತನೆಯ ದನಿಯಲ್ಲಿ.

ನಾನು ಕೊಡವನ್ನು ಅಲ್ಲೇ ಇಟ್ಟು ನಿಂತೆ. ಮಾವನ ಡಬ್ಬಿಯಲ್ಲಿದ್ದದ್ದು ಕಂಪನಿಯ ಮಾಲು, ಅದನ್ನು ಮುಟ್ಟಿದ್ದು ಕಳ್ಳತನ. ಕಟ್ಟೆಯಲ್ಲಿರುವುದು ಕಸ, ಅದಕ್ಕೆ ದಿಕ್ಕಿಲ್ಲ. ಎರಡೂ ಒಂದೇ ಟ್ಯಾಂಕರಿನಿಂದ ಒಂದೇ ಬೆಳಗ್ಗೆ ಇಳಿದ ಎಣ್ಣೆಯಲ್ಲವೇ?

ನಮ್ಮ ಕಡೆಯ ವಕೀಲರು ತುರುವನೂರಿನವರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದ ಮನೆತನ. ಕರಿ ಕೋಟಿನ ಒಳಗೆ ಖಾದಿಯನ್ನೇ ಹಾಕುತ್ತಿದ್ದರು. ಹಿರಿಯೂರಿನ ಅವರ ಮನೆಗೆ ಮಾವನ ಜೊತೆ ಹೋದಾಗ ಕಟ್ಟೆಯ ಹತ್ತಿರ ಕೇಳಿದ್ದನ್ನು ಹೇಳಿದೆ. ಅವರು ಎಲೆ ಅಡಿಕೆ ಮಡಚುತ್ತಿದ್ದವರು ಕೈ ನಿಲ್ಲಿಸಿದರು.

"ಕಸ ಅಂದ್ನಾ? ಅದೇ ಮಾತು ಅಂದ್ನಾ?"

"ಅದೇ ಮಾತು."

"ಗೌಡ್ರನ್ನ ಸಾಕ್ಷಿಗೆ ಕರ್ಕಂಡು ಬರ್ರಿ."

ಗೌಡರು ಬರಲಿಲ್ಲ. ಅವರಿಗೆ ಸರಿಯಾಗಿ ನೆನಪಿಲ್ಲವಂತೆ. ಜೊತೆಗಿದ್ದ ನಾಲ್ಕು ಜನರಿಗೂ ನೆನಪಿರಲಿಲ್ಲ. ಆ ಚಳಿಗಾಲದಲ್ಲಿ ಗೌಡರ ಪಂಪ್‌ಸೆಟ್ಟಿಗೆ ಡೀಸೆಲ್ಲಿನ ತಾಪತ್ರಯ ಇರಲಿಲ್ಲ ಎಂದು ಊರಿನಲ್ಲಿ ಪಿಸುಮಾತಿತ್ತು. ನಿಜವೋ ಸುಳ್ಳೋ, ನೋಡಿದವರಿಲ್ಲ.

"ಹಂಗಾದ್ರೆ ನೀನೇ ಹೇಳ್ಬೇಕಾಗ್ತದೆ ತಾಯಿ" ಎಂದರು ವಕೀಲರು. ಮಾವ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ, "ಆಕೆ ಏನು ಹೇಳ್ತಾಳೋ ಯಾರಿಗೆ ಗೊತ್ತು ಸಾಮಿ" ಎಂದುಬಿಟ್ಟರು. ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕುಳಿತಿದ್ದೆ.

ನಾನು ಸಾಕ್ಷಿ ಹೇಳುತ್ತೇನೆ ಎಂಬ ಸುದ್ದಿ ಹೇಗೋ ಹೊರಗೆ ಹೋಯಿತು. ಒಂದು ಮಧ್ಯಾಹ್ನ ನನ್ನ ಅಪ್ಪ ಮುನ್ಸೂಚನೆ ಇಲ್ಲದೆ ಬಂದರು. ತವರು ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಹತ್ತಿರ. ಅಪ್ಪ ಕಂಬಳಿ ನೇಯುತ್ತಿದ್ದರು, ಶ್ರೀರಾಂಪುರದಲ್ಲಿ ಮಾರುತ್ತಿದ್ದರು. ಕಾರಣವಿಲ್ಲದೆ ಮಗಳ ಮನೆಗೆ ಬರುವ ಮನುಷ್ಯ ಅಲ್ಲ. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕುಳಿತರು.

"ಮೊನ್ನೆ ಶ್ರೀರಾಂಪುರದಾಗೆ ಕಾರಲ್ಲಿ ಒಬ್ನು ಬಂದಿದ್ದ. ನನ್ ಹತ್ರ ನಾಲ್ಕು ಕಂಬಳಿ ತಗಂಡ. ಚೌಕಾಸಿನೇ ಮಾಡ್ಲಿಲ್ಲ. ಆಗ್ಲೇ ನಂಗೆ ಅನುಮಾನ ಬಂತು."

"ಯಾಕಪ್ಪ?"

"ಕಂಬಳಿ ತಗಳೋನು ಎಳೆ ಹಿಡಿದು ನೋಡ್ತಾನೆ, ಉಣ್ಣೆ ಚುಚ್ಚುತ್ತಾ ಅಂತ ಕೆನ್ನೆಗೆ ಒತ್ಕಂಡು ನೋಡ್ತಾನೆ. ಇವ್ನು ಕಂಬಳಿ ಕಡೆ ನೋಡ್ಲೇ ಇಲ್ಲ, ನನ್ ಮುಖ ನೋಡ್ತಿದ್ದ. ಮಗಳು ಹಿರಿಯೂರು ಕೋರ್ಟು ಹತ್ತೋದು ಮರ್ಯಾದಸ್ತರ ಮನೆಗೆ ಚೆಂದವಾ ಅಂದ."

"ನೀವು ಏನಂದ್ರಿ?"

"ಕಂಬಳಿ ಮಡಚಿ ಕೊಟ್ಟೆ, ಅಷ್ಟೇ."

ಸಾಕ್ಷಿ ಹೇಳಬೇಡ ಎನ್ನಲು ಬಂದಿದ್ದಾರೆ ಎಂದೇ ನಾನು ಅಂದುಕೊಂಡಿದ್ದೆ. ಅವರು ಎದ್ದು ಟವೆಲ್ ಕೊಡವಿ, "ಕಂಪನಿಯೋರು ನನ್ ತಂಕ ಬಂದವ್ರೆ ಅಂದ್ರೆ ನಿನ್ ಮಾತಿಗೆ ತೂಕ ಐತೆ ಅಂತ ಅರ್ಥ. ಇನ್ನು ನಿನ್ನಿಷ್ಟ" ಎಂದರು.

ಅಪ್ಪನನ್ನು ಬಸ್ಸಿಗೆ ಹತ್ತಿಸಿ ನಾನು ತಿರುಗಿ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಅಪ್ಪ ತಂದಿದ್ದ ಗಂಟನ್ನು ಬಿಚ್ಚಿ ಕುಳಿತಿದ್ದರು. ಅದರಲ್ಲಿ ಅವಲಕ್ಕಿ, ಒಂದಷ್ಟು ಹುರಿಗಡಲೆ, ಅಮ್ಮ ಕಳಿಸಿದ ಕುಂಕುಮ. ಕಾಳಿನೊಳಗೆ ಕೈ ಆಡಿಸಿ ನೋಡುತ್ತಿದ್ದರು. ನನ್ನನ್ನು ಕಂಡು ಕೈ ಹಿಂದಕ್ಕೆ ತೆಗೆದರು.

"ಹುಳ ಐತೇನೋ ಅಂತ ನೋಡ್ತಿದ್ದೆ."

"ನೋಡ್ರಿ ಅತ್ತೆ. ಪೂರ್ತಿ ಸುರುವಿ ನೋಡ್ರಿ" ಎಂದೆ. ಮದುವೆಯಾದ ಮೇಲೆ ಅತ್ತೆಗೆ ನಾನು ಎದುರು ಆಡಿದ ಮೊದಲ ಮಾತು ಅದು. ಅವರು ಗಂಟನ್ನು ಹಾಗೇ ಬಿಟ್ಟು ಎದ್ದು ಹೊರಗೆ ಹೋದರು.

ವಿಚಾರಣೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಶುರುವಾಯಿತು. ಹಿರಿಯೂರಿನ ಕೋರ್ಟು ಹಂಚಿನ ಕಟ್ಟಡ, ಹೊರಗೆ ಹುಣಸೆ ಮರ. ಊರು ಅರ್ಧಕ್ಕರ್ಧ ಬಂದಿತ್ತು. ಬಂದವರಲ್ಲಿ ನಮ್ಮ ಗೆಲುವು ನೋಡಲು ಯಾರು ಬಂದಿದ್ದಾರೆ, ನಾನು ಏನು ಹೇಳುತ್ತೇನೆಂದು ಕಾಯಲು ಯಾರು ಬಂದಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಸಣ್ಣಮಾವ ಕೂಡ ಬಂದು ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದರು.

ಮೊದಲು ಡ್ರೈವರ್ ಕಟಕಟೆ ಹತ್ತಿದ. ತಾನು ಯಾರಿಗೂ ತಗಳ್ರಿ ಅಂದಿಲ್ಲ, ಪ್ರಜ್ಞೆ ತಪ್ಪಿ ಬಿದ್ದಿದ್ದೆ, ಕಣ್ಣು ಬಿಟ್ಟಾಗ ಜನ ಎಣ್ಣೆ ಹೊರುತ್ತಿದ್ದರು ಎಂದ. ನಮ್ಮ ವಕೀಲರು ಹಾಸಿಗೆ, ಟ್ರಂಕಿನ ವಿಷಯ ಕೇಳಿದರು. ಸೆಕೆ ಇತ್ತು, ಮುಂಚೆಯೇ ಇಳಿಸಿ ಮಲಗಿದ್ದೆ ಎಂದ. ಪ್ರಜ್ಞೆ ತಪ್ಪಿದ್ದೋ ಮಲಗಿದ್ದೋ ಎಂದು ವಕೀಲರು ಮತ್ತೆ ಕೇಳುವಷ್ಟರಲ್ಲಿ ಮ್ಯಾಜಿಸ್ಟ್ರೇಟರು, ಗಾಡಿ ಯಾಕೆ ಉರುಳಿತು ಎಂಬುದು ಈ ಮೊಕದ್ದಮೆಯ ವಿಷಯವಲ್ಲ, ಮುಂದುವರಿಸಿ ಎಂದರು. ದೀಪಾವಳಿ ಕಳೆದ ಚಳಿಯಲ್ಲಿ ಸೆಕೆ! ನಮ್ಮ ಸಾಲಿನಲ್ಲಿ ಯಾರೋ ನಕ್ಕರು. ಜವಾನ ಗದರಿದ. ಆ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಆಮೇಲೆ ಬಂದವನು ಮನೆಗಳನ್ನು ಶೋಧಿಸಿದ ಪೊಲೀಸ್ ಪೇದೆ. ವಕೀಲರು ಕೇಳಿದರು:

"ಊರಿನಾಗೆ ನೂರಾರು ಮನೆ. ಈ ಐದೇ ಮನೆಗೆ ಹೋದ್ರಿ. ಯಾರು ಹೇಳಿದ್ರು?"

ಕೋರ್ಟಿನಲ್ಲಿದ್ದ ನಮ್ಮೂರಿನವರೆಲ್ಲ ಕತ್ತು ಚಾಚಿದರು. ಪೇದೆ, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ ನೋಡಿದ.

"ಯಾರೂ ಹೇಳ್ಲಿಲ್ಲ ಸಾರ್. ಹಳ್ಳದಿಂದ ಕರೀ ಹೆಜ್ಜೆ ಬಿದ್ದಿದ್ವು. ಯಾವ ಬಾಗಿಲಿನ ತಂಕ ಹೆಜ್ಜೆ ಹೋಗಿದ್ವೋ ಆ ಮನೆಗೆ ಹೋದ್ವಿ. ಉಳಿದೋರು ಅಂಗಳಕ್ಕೆ ಸೆಗಣಿ ಸಾರಿಸ್ಬಿಟ್ಟಿದ್ರು."

ಸಣ್ಣಮಾವ ಎಣ್ಣೆಯನ್ನು ಎತ್ತಿನ ಗಾಡಿಗೆ ಹಾಕಿ ನೇರ ಹೊಲದ ಗುಡಿಸಲಿಗೆ ಹೊಡೆದಿದ್ದರು. ಅವರ ಹೆಜ್ಜೆ ಓಣಿಗೆ ಬಂದಿರಲೇ ಇಲ್ಲ. ಇಷ್ಟು ಸರಳವಾದ ಸಂಗತಿ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಯಾರು ಹೇಳಿದರು, ಯಾರು ಹೇಳಿದರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾ ತಿಂಗಳುಗಟ್ಟಲೆ ಕಳೆದಿದ್ದೆವು. ನೆಲ ಮಾತ್ರ ಯಾರೂ ನೋಡಿರಲಿಲ್ಲ. ಮಾವ ತಿರುಗಿ ಗೋಡೆಯ ಕಡೆ ನೋಡಿದರು. ಸಣ್ಣಮಾವ ತಲೆ ತಗ್ಗಿಸಿ ಹೊರಗೆ ನಡೆದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು, ನನ್ನ ಕಡೆ ನೋಡಲಿಲ್ಲ.

ಮುಂದಿನ ದಿನಾಂಕಕ್ಕೆ ನನ್ನ ಸರದಿ ಬಂತು. ಕಟಕಟೆಯ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿದು ನಿಂತೆ. ಮ್ಯಾನೇಜರ್ ಮುಂದಿನ ಬೆಂಚಿನಲ್ಲಿ ಕನ್ನಡಕ ಒರೆಸುತ್ತಾ ಕುಳಿತಿದ್ದರು, ಅತ್ತೆ ಹಿಂದಿನ ಬೆಂಚಿನಲ್ಲಿ. ಕಟ್ಟೆಯ ಏರಿಯ ಮೇಲೆ ಅವರು ಆಡಿದ್ದನ್ನು ಆಡಿದ ಹಾಗೆಯೇ ಹೇಳಿದೆ. ಸರ್ಕಾರಿ ವಕೀಲರು ಎದ್ದರು.

"ನಿಮ್ಮ ಮಾವನನ್ನು ಉಳಿಸಿಕೊಳ್ಳೋಕೆ ಈ ಕಥೆ ಕಟ್ಟಿದ್ದೀರಿ ಅಂತೀನಿ ನಾನು."

"ಕಟ್ಟಿಲ್ಲ ಸಾರ್."

"ಅಷ್ಟು ದೊಡ್ಡ ಕಂಪನಿಯ ಮ್ಯಾನೇಜರು ತಮ್ಮ ಮಾಲನ್ನ ತಾವೇ ಕಸ ಅಂತಾರಾ?"

"ಅವ್ರು ಮಾಲು ಅಂದ್ಕಂಡಿದ್ರೆ ಕಟ್ಟೆಯಿಂದ ತಗಂಡು ಹೋಗ್ತಿದ್ರು ಸಾರ್. ಇನ್ನೂ ಅಲ್ಲೇ ಬಿಟ್ಟವ್ರೆ" ಎಂದೆ. ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ಕಟ್ಟೆಯಲ್ಲಿ ಈಗಲೂ ಎಣ್ಣೆ ಇದೆಯೇ ಎಂದು ಕೇಳಿದರು. ಇದೆ ಎಂದೆ. ಇಳಿದು ಬರುವಾಗ ಮೆಟ್ಟಿಲು ಕಾಣದೆ ಎಡವಿದೆ.

ತೀರ್ಪಿನಲ್ಲಿ ಐದೂ ಜನರ ಬಿಡುಗಡೆಯಾಯಿತು. ನೆಲಕ್ಕೆ ಚೆಲ್ಲಿ ಮಣ್ಣು ನೀರು ಬೆರೆತ ಎಣ್ಣೆಯನ್ನು ಕಂಪನಿ ಕಾಯಲಿಲ್ಲ, ಕೇಳಲಿಲ್ಲ, ಬೇಡವೆಂದು ಬಿಟ್ಟುಬಿಟ್ಟಿತ್ತು. ಬಿಟ್ಟ ವಸ್ತುವಿಗೆ ಒಡೆಯನಿಲ್ಲ, ಒಡೆಯನಿಲ್ಲದ ವಸ್ತುವನ್ನು ಎತ್ತಿಕೊಂಡರೆ ಕಳವಲ್ಲ. ವಕೀಲರು ಅದನ್ನು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಮಾವ ಅವರ ಕಾಲು ಹಿಡಿದರು. ಊರಿಗೆ ಬಂದು ಎಲ್ಲರಿಗೂ ಮಂಡಕ್ಕಿ ಹಂಚಿದರು. ಸಣ್ಣಮಾವನ ಮನೆಗೂ ನನ್ನ ಕೈಯಲ್ಲೇ ಕೊಟ್ಟು ಕಳಿಸಿದರು. ಸಣ್ಣತ್ತೆ ಬಾಗಿಲಲ್ಲೇ ಇಸಿದುಕೊಂಡು, ಒಳಗೆ ಬಾ ಅನ್ನಲೋ ಬೇಡವೋ ಎಂದು ನಿಂತರು. ನಾನೂ ನಿಂತೆ. ಕೊನೆಗೆ, "ಕುಂತ್ಕಾ ಬಾರೇ" ಎಂದರು.

ಗೆದ್ದ ಧೈರ್ಯದಲ್ಲಿ ಊರಿನವರು ಚಿತ್ರದುರ್ಗದ ಡಿ.ಸಿ. ಆಫೀಸಿಗೆ ಹೋದರು. ಕಟ್ಟೆಯನ್ನು ಕಂಪನಿಯಿಂದ ತೊಳೆಸಿಕೊಡಿ ಎಂದು ಕೇಳಲು ವಕೀಲರು, ಮಾವ, ಇನ್ನಿಬ್ಬರು ಹೊರಟರು. ಮ್ಯಾನೇಜರ್ ಆಡಿದ ಮಾತು ಕೇಳಿದವಳೆಂದು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿದ್ದ ಅಧಿಕಾರಿ ಒಳ್ಳೆಯವರ ಹಾಗೆ ಕಂಡರು, ಕುರ್ಚಿ ತರಿಸಿದರು. ಎಲ್ಲವನ್ನೂ ಕೇಳಿಕೊಂಡು ವಕೀಲರ ಕಡೆ ತಿರುಗಿದರು.

"ಆ ಎಣ್ಣೆಗೆ ಒಡೆಯ ಇಲ್ಲ ಅಂತ ನೀವೇ ವಾದ ಮಾಡಿ ಗೆದ್ದಿದ್ದೀರಿ. ಕಂಪನಿಯವರು ಆಗಲೇ ಬಂದು ಆ ತೀರ್ಪನ್ನ ನನಗೆ ತೋರಿಸಿ ಹೋದರು. ಈಗ ನಾನು ಯಾರನ್ನು ಕರೆಸಿ ಕಟ್ಟೆ ತೊಳೆ ಅನ್ನಲಿ?"

ವಕೀಲರು ಏನೇನೋ ಹೇಳಿದರು. ಒಡೆತನ ಬೇರೆ, ಚೆಲ್ಲಿದವನ ಹೊಣೆ ಬೇರೆ, ಬಿಟ್ಟವನೇ ತೆಗೆಯಬೇಕು ಎಂದರು. ಹಾಗಾದರೆ ಸಿವಿಲ್ ದಾವೆ ಹಾಕಿ ಎಂದು ಅಧಿಕಾರಿ ಕೈ ಮುಗಿದರು. ದಾವೆ ಹಾಕಿ ವರ್ಷಗಟ್ಟಲೆ ಅಲೆಯುವ ಶಕ್ತಿ ಯಾರಿಗಿತ್ತು?

ಬಸ್ ನಿಲ್ದಾಣದಲ್ಲಿ ಮಾವ ನೀರು ಕುಡಿಯಲು ಹೋಗಿದ್ದಾಗ ನಾನು ವಕೀಲರನ್ನು ಕೇಳಿದೆ.

"ಸಾರ್, ಹಿಂಗಾಗ್ತೈತೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

ಅವರು ಕೋಟನ್ನು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡರು.

"ಅನುಮಾನ ಇತ್ತು ತಾಯಿ. ಐದು ಜನ ಜೈಲಿಗೆ ಹೋಗೋದಾ, ಕಟ್ಟೆ ಹೋಗೋದಾ ಅಂದ್ರೆ ನಾನು ಜನಾನ ಹಿಡ್ಕಂಡೆ. ಮುಂಚೆ ಹೇಳಿದ್ರೆ ನಿಮ್ಮೂರೋರು ಒಬ್ಬರಿಗೊಬ್ಬರು ಜಗಳಕ್ಕೆ ಬೀಳ್ತಿದ್ರು. ಅಲ್ಲೇನು?"

ಅವರು ನಮ್ಮ ಕಡೆಯವರೇ ಎಂದು ನಂಬಿದ್ದೇನೆ. ಆದರೆ ಮ್ಯಾನೇಜರ್ ಕಟಕಟೆಯ ಮುಂದೆ ಸೋಲುವಾಗ ಯಾಕಷ್ಟು ನಿರಾಳವಾಗಿ ಕನ್ನಡಕ ಒರೆಸುತ್ತಾ ಕುಳಿತಿದ್ದರು ಎಂದು ಆಗ ನನಗೆ ಅರ್ಥವಾಯಿತು. ಆ ಡ್ರೈವರ್ ಮುಂದೆ ಹೊಳಲ್ಕೆರೆಯಲ್ಲಿ ಸ್ವಂತ ಲಾರಿ ಇಟ್ಟುಕೊಂಡಿದ್ದಾನೆ ಎಂದು ಯಾರೋ ಹೇಳಿದರು. ನಾನು ನೋಡಿದವಳಲ್ಲ.

ಕಟ್ಟೆಯನ್ನು ಕೊನೆಗೆ ಊರಿನವರೇ ತೊಳೆದರು. ರಾಗಿ ಹುಲ್ಲಿನ ದಪ್ಪ ಸಿವುಡುಗಳನ್ನು ಹಗ್ಗಕ್ಕೆ ಕಟ್ಟಿ, ಈ ದಡದಿಂದ ಮಾವ, ಆ ದಡದಿಂದ ಸಣ್ಣಮಾವ ಹಿಡಿದು ನೀರಿನ ಮೇಲೆ ಎಳೆದರು. ಹುಲ್ಲು ಎಣ್ಣೆ ಕುಡಿದು ಕಪ್ಪಾಗಿ ಬಂದದ್ದನ್ನು ಬಯಲಿನ ಗುಂಡಿಗೆ ಹಾಕಿ ಸುಟ್ಟರು. ದಟ್ಟ ಹೊಗೆ ಎದ್ದಿತು. ದಡದ ಕೆಸರನ್ನು ಹೆಂಗಸರು ಮಂಕರಿಯಲ್ಲಿ ಹೊತ್ತು ಹಾಕಿದೆವು. ಅತ್ತೆ ನನ್ನ ಮುಂದೆ ನಡೆಯುತ್ತಿದ್ದವರು ಒಮ್ಮೆ ನಿಂತು, ನನ್ನ ತಲೆಯ ಮೇಲಿನ ಸಿಂಬಿ ಜಾರಿದ್ದನ್ನು ಸರಿಮಾಡಿ, ಮತ್ತೆ ನಡೆದರು. ಎಷ್ಟು ತೆಗೆದರೂ ಕಲ್ಲಿನ ಸಂದುಗಳಲ್ಲಿ ಉಳಿದದ್ದು ಉಳಿಯಿತು. ಬಟ್ಟೆಗೆ, ದನಕ್ಕೆ ಹೇಗೋ ಆಯಿತು. ಕುಡಿಯಲು ಆ ನೀರನ್ನು ಮತ್ತೆ ಯಾರೂ ತರಲಿಲ್ಲ. ಹಳ್ಳದ ಮೇಲುಗಡೆ ಹೊಸ ಒರತೆ ತೋಡಿಕೊಂಡೆವು.

ಮುಂಗಾರು ಹತ್ತಿದ ಮೇಲೆ ನಮ್ಮ ಮನೆಯವರು ಮಂದೆಯ ಜೊತೆ ಬಂದರು. ನಡುವೆ ಅವರು ಬರುತ್ತೇನೆಂದು ಹೇಳಿ ಕಳಿಸಿದ್ದಾಗ ಮಾವ, ಕುರಿ ಬಿಟ್ಟು ಬರಬೇಡ ಎಂದು ತಡೆದಿದ್ದರು. ಹಾಗಾಗಿ ಅವರ ಕಿವಿಗೆ ಬಿದ್ದದ್ದೆಲ್ಲ ದಾರಿಯಲ್ಲಿ ಸಿಕ್ಕವರ ಬಾಯಿಯ ಮಾತು. ಊಟಕ್ಕೆ ಕುಳಿತಾಗ ಮುದ್ದೆ ಮುರಿಯದೆ ನನ್ನ ಮುಖವನ್ನೇ ನೋಡಿದರು.

"ದಾರಿಯಾಗೆ ಒಬ್ಬೊಬ್ರು ಒಂದೊಂದು ಥರ ಹೇಳ್ತಾರೆ. ಕಂಪನಿಯೋರು ನಿಮ್ಮಪ್ಪನ್ನ ನೋಡಿದ್ರು ಅಂತಾರೆ. ನೀನು ಕೋರ್ಟಿನಾಗೆ ಏನಂದೆ?"

ನಾನು ಬಾಯಿ ತೆರೆಯುವ ಮುಂಚೆ ಒಲೆಯ ಮುಂದಿದ್ದ ಅತ್ತೆ ತಿರುಗಿದರು.

"ಇದ್ದದ್ದು ಇದ್ದಂಗೆ ಅಂದ್ಲು. ನಾನು ಅಲ್ಲೇ ಕುಂತಿದ್ದೆ" ಎಂದು, ಅವರ ತಟ್ಟೆಗೆ ಸಾರು ಬಡಿಸಿದರು. "ಉಣ್ಣು ಮೊದ್ಲು."